ಮೂರನೆಯವನು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಂಬತ್ತರ ದಶಕದ ಕೊನೆಗೆ ಒಂಬತ್ತನೆಯ ತರಗತಿಯಲ್ಲಿದ್ದವರಿಗೆ ಕೆಮ್ಮಣ್ಣುಗುಂಡಿಯ ಪ್ರವಾಸ ನೆನಪಿರಬಹುದು. ಲಿಂಗದಹಳ್ಳಿ ದಾಟಿ ಬಸ್ಸು ಘಾಟಿ ಹತ್ತುವಾಗ ನೀವೆಲ್ಲ ಹಾಡುತ್ತಿದ್ದಿರಿ. ಹಿಂದಿನ ಸೀಟಿನಲ್ಲಿ ನಾವು ಮೂವರು ನಮ್ಮ ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದೆವು. ಹಾಡುವವರು ವಿಜ್ಞಾನದ ಮೇಷ್ಟ್ರು, ಪಿಟೀಲು ಹಿಂದಿ ಪಂಡಿತರದು, ಮೃದಂಗ ನನ್ನದು. ಹೊರಡುವ ದಿನ ನನ್ನ ತಾಯಿಯವರು ‘ಮೂರು ಜನ ಒಟ್ಟಿಗೆ ಹೊರಡಬಾರದು ಕಣಪ್ಪಾ’ ಎಂದು ನನ್ನ ಜೇಬಿಗೆ ಒಂದು ಬೆಣಚುಕಲ್ಲು ಹಾಕುತ್ತಿದ್ದರು. ಆ ಕಲ್ಲು ನಮ್ಮ ನಾಲ್ಕನೆಯವ. ಬಸ್ಸಿನಲ್ಲಿ ಐವತ್ತು ಮಕ್ಕಳಿದ್ದಾರೆಂಬ ವಾದ ಅವರ ಮುಂದೆ ನಡೆಯುತ್ತಿರಲಿಲ್ಲ.

ಹಗಲೆಲ್ಲ ಮಕ್ಕಳಿಗೆ ಕೆಂಪು ಮಣ್ಣನ್ನೂ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ತಾಣವನ್ನೂ ತೋರಿಸುವುದು. ಇಲ್ಲಿನ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ಕೆಳಗಿಳಿದು ಭದ್ರಾವತಿಯ ಕಾರ್ಖಾನೆ ಸೇರುತ್ತಿದ್ದ ಬಗೆಯನ್ನು ವಿಜ್ಞಾನದ ಮೇಷ್ಟ್ರು ವಿವರಿಸುವುದು. ರಾತ್ರಿ ನಮ್ಮ ಕಚೇರಿ. ಮಂಜಿನ ತೇವಕ್ಕೆ ಮೃದಂಗದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತಿತ್ತು. ನಾನು ಕಲ್ಲು ಹಿಡಿದು ತಟ್ಟಿ ತಟ್ಟಿ ಏರಿಸುವಷ್ಟರಲ್ಲಿ ಅರ್ಧ ಮಕ್ಕಳು ನಿದ್ದೆ ಹೋಗಿರುತ್ತಿದ್ದರು.

ನಮ್ಮ ಸಂಗೀತಕ್ಕೂ ಮೂರಕ್ಕೂ ಇರುವ ನಂಟನ್ನು ಅಲ್ಲಿಯೇ ನಾವು ಹರಟಿದ್ದು. ಮಂದ್ರ, ಮಧ್ಯ, ತಾರವೆಂದು ಮೂರು ಸ್ಥಾಯಿ. ಪಲ್ಲವಿ, ಅನುಪಲ್ಲವಿ, ಚರಣ. ಗೀತ, ವಾದ್ಯ, ನೃತ್ಯ ಮೂರೂ ಸೇರಿದರೆ ಸಂಗೀತವೆಂದು ಶಾರ್ಙ್ಗದೇವನ ‘ಸಂಗೀತರತ್ನಾಕರ’. ಶ್ಯಾಮಾಶಾಸ್ತ್ರಿಗಳು, ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು ಮೂವರೂ ಹುಟ್ಟಿದ್ದು ತಿರುವಾರೂರೆಂಬ ಒಂದೇ ಊರಿನಲ್ಲಿ, ಹದಿನೈದು ವರ್ಷಗಳೊಳಗೆ. ನಮ್ಮ ರತ್ನತ್ರಯರ ಸಂಗತಿ ಬೇರೆ. ಪಂಪ ತನ್ನ ಎರಡು ಕಾವ್ಯಗಳನ್ನು ಬರೆದದ್ದು 941ರ ಸುಮಾರಿಗೆ, ರನ್ನನ ‘ಅಜಿತಪುರಾಣ’ 993ರದು. ಅರಿಕೇಸರಿಯ ಆಸ್ಥಾನದವನೊಬ್ಬ, ರಾಷ್ಟ್ರಕೂಟರ ಕೃಷ್ಣನಿಂದ ಬಿರುದು ಪಡೆದ ಪೊನ್ನನೊಬ್ಬ, ಚಾಲುಕ್ಯರ ಆಶ್ರಯದವನೊಬ್ಬ. ಅವರನ್ನು ಒಂದು ಪಂಕ್ತಿಯಲ್ಲಿ ಕೂರಿಸಿದವರು ಹಿಂದಿನಿಂದ ಬಂದವರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹಿಡಿದು ಬೀಸುವ ಕಲ್ಲಿನ ಹಾಡುಗಳವರೆಗೆ ಬಂದ ತ್ರಿಪದಿಯನ್ನೂ ನಾನು ಈ ಪಟ್ಟಿಗೆ ಸೇರಿಸುತ್ತಿದ್ದೆ. ಹೆಂಗಸರು ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಾಡಿ ಮೂರನ್ನು ನಾಲ್ಕಾಗಿಸುತ್ತಾರೆ ಎಂದೆ. ‘ನಿಮ್ಮ ತಾಯಿಯವರ ಕಲ್ಲಿನಂತೆ’ ಎಂದು ಪಂಡಿತರು ನಕ್ಕಿದ್ದರು.

ಕಚೇರಿಯಲ್ಲಿ ಮೂರನೆಯವನ ಪಾಡು ವಿಚಿತ್ರವಾದುದು. ರಾಗಾಲಾಪನೆಯ ಹೊತ್ತು ಗಾಯಕ ಒಂದು ಸಂಚಾರ ಹಾಡುತ್ತಾನೆ, ಪಿಟೀಲು ಅದನ್ನು ಹಿಂಬಾಲಿಸುತ್ತದೆ. ಮೃದಂಗದವನು ಕೈಕಟ್ಟಿ ಕುಳಿತಿರಬೇಕು. ಆ ಮೌನವೂ ನುಡಿಸುವುದರ ಭಾಗವೇ ಎಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಅದನ್ನು ನಾನು ಸಲ್ಲದ ಕಡೆಯೂ ಬಳಸಿದೆ.

1994ರ ರಾಮನವಮಿಗೆ ಹತ್ತಿರದ ಊರೊಂದರವರು ನಮ್ಮನ್ನು ಕರೆದಿದ್ದರು. ಕರಪತ್ರದಲ್ಲಿ ವಿಜ್ಞಾನದ ಮೇಷ್ಟ್ರ ಹೆಸರು ದೊಡ್ಡಕ್ಷರದಲ್ಲಿ. ನಾವಿಬ್ಬರು ‘ಮತ್ತು ಸಂಗಡಿಗರು’. ಮೇಷ್ಟ್ರು ಅದನ್ನು ಗಮನಿಸಿದರೋ ಇಲ್ಲವೋ, ಏನೂ ಹೇಳಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಪಂಡಿತರು ಅವರೆದುರಿಗೇ ನನ್ನನ್ನು ಕೇಳಿದರು: ‘ನಿಮಗೂ ಬೇಸರವಾಗಲಿಲ್ಲವೇ ಮೇಷ್ಟ್ರೇ?’ ರಾತ್ರಿಯೆಲ್ಲ ಆ ಕರಪತ್ರವನ್ನು ಮಡಿಸಿ ಬಿಚ್ಚಿ ನೋಡಿದ್ದ ನಾನು, ‘ಅದೇನು ಅಂಥಾ ದೊಡ್ಡ ವಿಷಯ ಪಂಡಿತರೇ’ ಎಂದುಬಿಟ್ಟೆ. ಅಲ್ಲಿಗೆ ಸಣ್ಣ ಮನಸ್ಸಿನವರೆಂಬ ಹೆಸರು ಪಂಡಿತರೊಬ್ಬರಿಗೇ ಉಳಿಯಿತು. ಅವರು ಮತ್ತೆ ಮೇಷ್ಟ್ರ ಪಕ್ಕದಲ್ಲಿ ಕೂರಲಿಲ್ಲ. ಇಬ್ಬರ ಮನೆಯಲ್ಲೂ ನಾನು ಕಾಫಿ ಕುಡಿಯುತ್ತಿದ್ದೆ, ಯಾರ ಕಡೆಗೂ ವಾಲದ ಸಜ್ಜನನೆನಿಸಿಕೊಂಡೆ. ಮೂರನೆಯವರು ಎಂದರೆ ಹೊರಗಿನವರು ಎಂಬ ಅರ್ಥವೂ ನಮ್ಮ ಭಾಷೆಯಲ್ಲಿದೆಯಲ್ಲ. ಕನ್ನಡ ಮೇಷ್ಟ್ರಾಗಿ ಅದು ನನಗೆ ಹೊಳೆಯಬೇಕಿತ್ತು.

ಪಕ್ಕವಾದ್ಯದವರ ಈ ನೋವು ಹೊಸದಲ್ಲ. ಮೈಕಿಲ್ಲದ ಸಭೆಯಲ್ಲಿ ಪಿಟೀಲು ಕೊನೆಯ ಸಾಲಿಗೂ ಕೇಳಿಸಲಿ ಎಂದು ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ರೂಢಿಗೆ ತಂದರು. ಅವರ ಊರು ತಿರುಮಕೂಡಲು. ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಎಣಿಸಿ ಜನ ಅದನ್ನು ತ್ರಿವೇಣಿ ಸಂಗಮ ಎನ್ನುತ್ತಾರೆ.

ವಿಜ್ಞಾನದ ಮೇಷ್ಟ್ರು 2006ರಲ್ಲಿ ತೀರಿಕೊಂಡರು. ಪಂಡಿತರು ಮಣ್ಣಿಗೆ ಬಂದರು, ಮಾತನಾಡದೆ ಹೋದರು. ಆಮೇಲೆ ಅವರು ಪಿಟೀಲು ಮುಟ್ಟಿಲ್ಲವೆಂದು ಅವರ ಮನೆಯಾಕೆ ಹೇಳಿದ್ದರು.

ಕಳೆದ ಡಿಸೆಂಬರಿನಲ್ಲಿ ನಾನೇ ಹೋಗಿ ಅವರನ್ನು ಕೆಮ್ಮಣ್ಣುಗುಂಡಿಗೆ ಕರೆದೆ. ಪಿಟೀಲಿನ ಪೆಟ್ಟಿಗೆ ಕಾರಿನಲ್ಲಿದ್ದುದನ್ನು ಕಂಡರೂ ಕೇಳಲಿಲ್ಲ. ತೋಟಗಾರಿಕೆ ಇಲಾಖೆಯ ಅತಿಥಿಗೃಹದ ಜಗಲಿಯಲ್ಲಿ ಕುಳಿತು, ಕರಪತ್ರದ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲವೆಂದು ಕೊನೆಗೂ ಹೇಳಿದೆ. ಅವರು ಬಹಳ ಹೊತ್ತು ಗುಲಾಬಿ ತೋಟವನ್ನು ನೋಡುತ್ತಿದ್ದರು. ‘ಗೊತ್ತಿತ್ತು ಮೇಷ್ಟ್ರೇ. ನೀವು ಹೇಳಲಿ ಅಂತ ಇದ್ದೆ’ ಎಂದರು.

ಕತ್ತಲಾದ ಮೇಲೆ ಪಿಟೀಲು ತೆಗೆದರು. ಶ್ರುತಿ ಮಾಡಿಕೊಂಡದ್ದು ಒಂದೂವರೆ ಮನೆಗೆ, ವಿಜ್ಞಾನದ ಮೇಷ್ಟ್ರ ಶ್ರುತಿಗೆ. ಕಲ್ಯಾಣಿ. ಕಮಾನು ಹಿಡಿದ ಕೈ ನಡುಗುತ್ತಿತ್ತು. ಒಂದು ಸಂಚಾರ ನುಡಿಸಿ ನಿಲ್ಲಿಸುತ್ತಿದ್ದರು, ಒಬ್ಬರು ಹಾಡುವಷ್ಟು ಹೊತ್ತು ಬಿಟ್ಟು, ಆಮೇಲೆ ಅದಕ್ಕೆ ಉತ್ತರವೆಂಬಂತೆ ಇನ್ನೊಂದನ್ನು ನುಡಿಸುತ್ತಿದ್ದರು. ನನ್ನ ಮೃದಂಗ ಮನೆಯಲ್ಲೇ ಇತ್ತು. ಇದ್ದರೂ ಆಲಾಪನೆಯಲ್ಲಿ ನನಗೆ ಕೆಲಸವಿರಲಿಲ್ಲ. ಅತಿಥಿಗೃಹದ ಹುಡುಗ ಊಟಕ್ಕೆ ಎರಡು ಸಲ ಕರೆದು ಹೋದ.