ನಡುವೆ ಬಂದ ಮಾತು

ಬ್ರಿಜ್ ಆಟದ ಅರ್ಧಭಾಗವು ಶಬ್ದಾರ್ಥವಿಚಾರವೇ ಸರಿ. ಒಬ್ಬನು ‘ಎರಡು ಕಳಾವರ’ವೆಂದು ಸವಾಲನ್ನು ಆರಂಭಿಸಿದನೆಂದರೆ, ಅವನಲ್ಲಿ ಕಳಾವರದ ಎಲೆಗಳು ಇರಲೇಬೇಕೆಂದಿಲ್ಲ, ಸುಮಾರು 22 ಅಂಕಕ್ಕೆ ಮೇಲ್ಪಟ್ಟ ಬಲವುಂಟೆಂಬುದೇ ಅದರ ಸಾಂಕೇತಿಕಾರ್ಥ. ಜೊತೆಗಾರನು ‘ಎರಡು ಡೈಮನ್’ ಎಂದು ಕಾಯುತ್ತಾನೆ. ಆಮೇಲೆ ಸಾವಕಾಶವಾಗಿ ಸಂಭಾಷಣೆ ನಡೆಯುತ್ತದೆ. ಹಂಪಿಯ ಮಂಟಪಗಳ ಕಲ್ಲುನೆಲದಲ್ಲಿ ಆಟದ ಮನೆಗಳನ್ನು ಕೊರೆದ ಹಿರಿಯರಿಗೆ ಈ ವಾಗ್ವ್ಯವಹಾರದ ತೊಡಕು ಇದ್ದಿರಲಾರದು.

ಜೊತೆಗಾರನು ಉತ್ತರಿಸುವ ಮೊದಲೇ ಎದುರಾಳಿಯು ಬಾಯಿಹಾಕಿದರೇನು ಗತಿ? ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದರಂತೆ ಇಡೀ ಕಟ್ಟಿನಲ್ಲಿರುವುದು 40 ಅಂಕ. ಒಬ್ಬನಲ್ಲಿ 23 ಇದ್ದರೆ ಉಳಿದ ಮೂವರಿಗೂ ಸೇರಿ 17. ಆದುದರಿಂದ ಏಳು ಆಟೀನುಗಳನ್ನು ಹಿಡಿದು ‘ಮೂರು ಆಟೀನು’ ಎಂದು ಹಾರುವವನಿಗೆ ಗೆಲ್ಲುವ ಆಸೆಯಿಲ್ಲ. ನಾವು ಹತ್ತಬೇಕಾದ ಮೆಟ್ಟಿಲುಗಳನ್ನು ಕೀಳುವುದಷ್ಟೇ ಉದ್ದೇಶ. ಅಪವಾದವು ಉತ್ಸರ್ಗವನ್ನು ಬಾಧಿಸುವಂತೆ ಆ ಕೂಗು ನಮ್ಮ ಮೊದಲ ಒಪ್ಪಂದವನ್ನೆಲ್ಲ ಬಾಧಿಸುತ್ತದೆ.

ಭಾನುವಾರ ಕಮಲಾಪುರದಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುವ ನನ್ನ ಜೊತೆಗಾರರು ನನಗಿಂತ ಹತ್ತು ವರ್ಷ ಹಿರಿಯರು. ಬಿದ್ದ ಎಲೆಗಳೆಲ್ಲ ಅವರಿಗೆ ನೆನಪಿರುತ್ತವೆ. ಹೊಸ ಸಂಕೇತ ಮಾತ್ರ ಒಂದು ವಾರಕ್ಕೆ ಉಳಿಯದು. ಇದನ್ನರಿತ ಇಬ್ಬರು ತರುಣ ಇಂಜಿನಿಯರುಗಳು ನಮ್ಮ ಪ್ರತಿಯೊಂದು ಬಲದ ಸವಾಲಿನ ಮೇಲೂ ಕೂಗತೊಡಗಿದರು. ಅದು ಅಧರ್ಮವೇನೂ ಅಲ್ಲ. ಜೊತೆಗಾರರನ್ನು ಬದಲಾಯಿಸಿರೆಂದು ಮಿತ್ರರೊಬ್ಬರು ಸೂಚಿಸಿದರು. ಮೂವತ್ತು ವರ್ಷ ಎದುರಿಗೆ ಕುಳಿತವರನ್ನು ಮರೆವಿನ ಕಾರಣಕ್ಕಾಗಿ ಎಬ್ಬಿಸಿ ಕಳುಹಿಸುವುದು ನನ್ನಿಂದಾಗದು.

ಗ್ರಂಥಗಳಲ್ಲಿ ಹಲವು ಪದ್ಧತಿಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿದೆ: ಕೈ ಬರಿದಾಗಿದ್ದರೆ ‘ಡಬಲ್’; ಸ್ವಲ್ಪ ಬಲವಿದ್ದರೆ ‘ಪಾಸ್’, ಆಗ ನಾನು ಸುಮ್ಮನಿರುವಂತಿಲ್ಲ; ಒಳ್ಳೆಯ ಐದೆಲೆಯಿದ್ದರೆ ಅದರ ಹೆಸರು. ಉಳ್ಳವನು ಸುಮ್ಮನಿದ್ದು ಇಲ್ಲದವನು ಗದ್ದಲಮಾಡುವ ಈ ವಿಪರೀತವನ್ನು ನೆನಪಿಡುವುದು ಹೇಗೆ? “ತುಂಬಿದ ಕೊಡ ತುಳುಕುವುದಿಲ್ಲವಷ್ಟೆ, ಮೇಷ್ಟ್ರೇ?” ಎಂದು ಅವರೇ ನಕ್ಕರು. ಸಂಕೇತವನ್ನು ಎದುರಾಳಿಗಳಿಂದ ಬಚ್ಚಿಡುವಂತಿಲ್ಲವಾದ್ದರಿಂದ ಗಾದೆಯನ್ನು ಅವರಿಗೂ ತಿಳಿಸಿದೆವು.

ಮುಂದಿನ ವಾರವೇ ‘ಮೂರು ಆಟೀನು’ ಬಂದಿತು. ಜೊತೆಗಾರರು ‘ಡಬಲ್’ ಎಂದರು. ಅವರಲ್ಲಿ ಏನೂ ಇಲ್ಲವೆಂದು ತಿಳಿದು, ನನ್ನಲ್ಲಿ ನಾಲ್ಕು ಆಟೀನುಗಳಿದ್ದುದರಿಂದ ನಾನು ಅಲ್ಲಿಗೇ ಬಿಟ್ಟೆ. ಅವರು ನಾಲ್ಕು ಪಟ್ಟು ಕಡಿಮೆಬಿದ್ದು 800 ತೆತ್ತರು. 1987ಕ್ಕೆ ಮೊದಲಾಗಿದ್ದರೆ 700. ನಾವೇ ನಾಲ್ಕು ಇಸ್ಪೀಟು ಆಡಿ ಗೆದ್ದಿದ್ದರೂ ಬರುತ್ತಿದ್ದುದು 620.

ಆ ತರುಣರು ಆಡುವುದು ಸಿ. ಸಿ. ವೇ ಅವರ ಪ್ರಿಸಿಷನ್ ಪದ್ಧತಿ. 1969ರಲ್ಲಿ ತೈವಾನಿನ ತಂಡವು ಬರ್ಮುಡಾ ಬೌಲಿನಲ್ಲಿ ಎರಡನೆಯ ಸ್ಥಾನಕ್ಕೇರಿದ್ದು ಅದರಿಂದಲೇ. ಅದರಲ್ಲಿ 16 ಅಂಕಕ್ಕೇ ‘ಒಂದು ಕಳಾವರ’. ಕಳೆದ ಭಾನುವಾರ ಅವರು ಹಾಗೆನ್ನುತ್ತಲೇ ನಮ್ಮ ಹಿರಿಯರು ಕನ್ನಡಕವನ್ನು ಸರಿಪಡಿಸಿಕೊಂಡು, “ಮೂರು ಇಸ್ಪೀಟು” ಎಂದರು.