ಇಳಿದು ಹತ್ತುವ ದೋಣಿಯಲ್ಲಿ ಬ್ಯಾಂಕಾಕ್

ಬ್ಯಾಂಕಾಕ್‌ಗೆ ಹೋಗಿ ಬಂದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಆ ಊರಿನ ಮಾತು ಬಂದರೆ ಮಾಲ್, ಮಸಾಜ್, ಪಟ್ಟಾಯ, ಸಫಾರಿ ಪಾರ್ಕ್ ಎಲ್ಲವೂ ಬರುತ್ತವೆ. ನದಿಯ ಹೆಸರನ್ನು ಎತ್ತಿದವರು ಕಡಿಮೆ. ಆದರೆ ಆ ಊರು ಹುಟ್ಟಿದ್ದೇ ನದಿಯ ದಂಡೆಯ ಮೇಲೆ. ಅರಮನೆ, ದೇವಾಲಯ, ಸಂತೆ, ಚರ್ಚು, ಹಳೆಯ ಕೋಟೆ ಎಲ್ಲವೂ ನೀರಿನ ಕಡೆಗೇ ಮುಖ ಮಾಡಿ ಕೂತಿವೆ. ರಸ್ತೆಯಿಂದ ಹೋದರೆ ನಾವು ಆ ಊರಿನ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ ಹಾಗೆ.

ಕಳೆದ ಡಿಸೆಂಬರ್‌ನಲ್ಲಿ ನಾವು ನಾಲ್ವರು ಹೋಗಿದ್ದೆವು. ನಾನು, ಹೆಂಡತಿ, ಎಂಟು ವರ್ಷದ ಮಗಳು, ಮತ್ತು ಅವ್ವ. ಅವ್ವನಿಗೆ ಅರವತ್ತೇಳು. ಒಂದು ಮೊಣಕಾಲಿನ ಆಪರೇಷನ್ ಆಗಿದೆ, ಇನ್ನೊಂದನ್ನು ಮುಂದೂಡುತ್ತಾ ಬಂದಿದ್ದಾಳೆ. ಹೊರಡುವ ಮೊದಲೇ ಅವಳ ಷರತ್ತು: "ನಾ ರೂಮಿನ್ಯಾಗ ಕುಂದರ್ತೀನಿ. ನೀವು ಅಡ್ಡಾಡಿ ಬರ್ರಿ." ಈ ಮಾತು ನಿಮ್ಮ ಮನೆಯಲ್ಲೂ ಕೇಳಿರಬಹುದು. ಊರು ಬಿಟ್ಟು ಬಂದು ಮಹಾನಗರದ ಐದನೇ ಮಹಡಿಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ನಮ್ಮ ತಂದೆತಾಯಂದಿರು ಪ್ರವಾಸಕ್ಕೆ ಬಂದರೂ ನೋಡುವುದು ಹೋಟೆಲ್ ಕಿಟಕಿಯನ್ನೇ. ಟೂರ್ ಬಸ್ಸಿನವರು ಕೊಡುವ ಇಪ್ಪತ್ತು ನಿಮಿಷದಲ್ಲಿ ಅವರು ಬಸ್ಸಿನಿಂದ ಇಳಿದು ನಿಲ್ಲುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ.

ಅದಕ್ಕೆ ಬ್ಯಾಂಕಾಕಿನಲ್ಲಿ ಒಂದು ಪರಿಹಾರ ಇದೆ. ಚಾವೊ ಫ್ರಾಯಾ ನದಿಯಲ್ಲಿ ನೀಲಿ ಬಾವುಟದ ಪ್ರವಾಸಿ ದೋಣಿಗಳು ಓಡುತ್ತವೆ. ನಾವು ಹೋದಾಗ ಒಂದು ದಿನದ ಪಾಸಿಗೆ 150 ಬಾತ್, ನಮ್ಮ ಲೆಕ್ಕದಲ್ಲಿ ಸುಮಾರು ನಾನೂರು ರೂಪಾಯಿ. ಆ ಪಾಸ್ ಇದ್ದರೆ ಯಾವ ಜೆಟ್ಟಿಯಲ್ಲಾದರೂ ಇಳಿಯಬಹುದು, ಎಷ್ಟು ಹೊತ್ತಾದರೂ ಇರಬಹುದು, ಮುಂದಿನ ದೋಣಿ ಹತ್ತಬಹುದು. ಸುಮಾರು ಅರ್ಧ ಗಂಟೆಗೊಂದು ದೋಣಿ. ಇದರ ಜೊತೆಗೆ ಊರಿನವರು ಆಫೀಸಿಗೆ, ಕಾಲೇಜಿಗೆ ಹೋಗುವ ಕಿತ್ತಳೆ ಬಾವುಟದ ಎಕ್ಸ್‌ಪ್ರೆಸ್ ದೋಣಿಗಳೂ ಇವೆ. ಟಿಕೆಟ್ 16 ಬಾತ್. ಅಗ್ಗ, ವೇಗ, ಆದರೆ ಅವು ಜೆಟ್ಟಿಗೆ ತಾಗಿ ಕೆಲವೇ ಕ್ಷಣ ನಿಲ್ಲುತ್ತವೆ. ಸೀಟಿ ಊದಿದರು ಅಂದರೆ ಹೊರಟಿತು ಅಂತಲೇ ಅರ್ಥ. ಕಂಡಕ್ಟರಮ್ಮ ಉದ್ದನೆಯ ತಗಡಿನ ಡಬ್ಬಿಯಲ್ಲಿ ಚಿಲ್ಲರೆ ಗಲಗಲ ಅನ್ನಿಸುತ್ತಾ ಬರುತ್ತಾಳೆ. ಒಬ್ಬರೇ ಹೋದರೆ ಅದೇ ಚೆಂದ. ವಯಸ್ಸಾದವರ ಜೊತೆ ಹೋದರೆ ನೀಲಿ ಬಾವುಟವೇ ಸರಿ. ಇಳಿಯುವಾಗ ಕೈ ಹಿಡಿಯುತ್ತಾರೆ, ಕಾಯುತ್ತಾರೆ.

ಹತ್ತುವ ಜಾಗ ಸಾತೊರ್ನ್ ಜೆಟ್ಟಿ. ಸಫಾನ್ ತಾಕ್ಸಿನ್ ಎಂಬ ಮೆಟ್ರೊ ನಿಲ್ದಾಣದ ಕೆಳಗೇ ಇದೆ. ಬೆಳಿಗ್ಗೆ ಒಂಬತ್ತೂವರೆಗೆ ದೋಣಿ ಬಂದಾಗ ಅವ್ವ ಮೊದಲು ನೋಡಿದ್ದು ಅದರ ಮೂತಿಯನ್ನು. ಅಲ್ಲಿ ಹೂಮಾಲೆ, ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳು ಕಟ್ಟಿದ್ದವು. ಥಾಯ್ ಜನರ ನಂಬಿಕೆಯಲ್ಲಿ ಪ್ರತಿ ದೋಣಿಯ ಮೂತಿಯಲ್ಲೂ ಮೇ ಯಾ ನಾಂಗ್ ಎಂಬ ಕಾಯುವ ತಾಯಿ ಇರುತ್ತಾಳೆ. ಮಾಲೆ ಅವಳಿಗೆ. "ಆಯುಧಪೂಜಿ ಮಾಡ್ಯಾರ" ಎಂದು ಅವ್ವ ನಿರಾಳವಾಗಿ ಹತ್ತಿ ಕೂತಳು. ನದಿಗೆ ಥಾಯ್ ಭಾಷೆಯಲ್ಲಿ ಮೇನಾಮ್ ಅನ್ನುತ್ತಾರೆ. ಮೇ ಅಂದರೆ ತಾಯಿ, ನಾಮ್ ಅಂದರೆ ನೀರು. ನಮ್ಮ ಗಂಗವ್ವ ನೆನಪಾಗದೆ ಇರಲಿಲ್ಲ.

ಜೆಟ್ಟಿಗಳ ಹೆಸರುಗಳೇ ಒಂದು ಆಟ. ರಾಚಾವೊಂಗ್ ಅಂದರೆ ರಾಜವಂಶ. ಫ್ರಾ ಆತಿತ್ ಅಂದರೆ ಆದಿತ್ಯ. ಮಹಾರಾಜ್ ಹಾಗೆಯೇ ಮಹಾರಾಜ. ವಾಟ್ ಅರುಣ್ ಅಂದರೆ ಸೂರ್ಯನ ಸಾರಥಿ ಅರುಣನ ದೇವಾಲಯ. ಊರಿನ ಪೂರ್ತಿ ಅಧಿಕೃತ ಹೆಸರು ಜಗತ್ತಿನಲ್ಲೇ ಅತಿ ಉದ್ದದ ಸ್ಥಳನಾಮ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಅದನ್ನು ನಿಧಾನವಾಗಿ ಕೇಳಿದರೆ ಅಮರ, ಮಹೇಂದ್ರ, ಅಯೋಧ್ಯಾ, ನವರತ್ನ, ರಾಜಧಾನಿ ಎಂಬ ಪದಗಳು ಒಂದೊಂದಾಗಿ ಎದ್ದು ಬರುತ್ತವೆ. ಮಗಳಿಗೆ ಇದು ಪತ್ತೆದಾರಿ ಕೆಲಸವಾಯಿತು. ಪ್ರತಿ ಜೆಟ್ಟಿ ಬಂದಾಗಲೂ "ಇದು ನಮ್ಮದಾ?" ಎಂದು ಕೇಳುತ್ತಿದ್ದಳು.

ನಾವು ಮೊದಲು ಇಳಿದದ್ದು ಹೂವಿನ ಮಾರುಕಟ್ಟೆ ಪಾಕ್ ಖ್ಲಾಂಗ್ ತಲಾಟ್ ಪಕ್ಕದ ಯೊದ್‌ಪಿಮಾನ್ ಜೆಟ್ಟಿಯಲ್ಲಿ. ಇಲ್ಲಿ ನಮ್ಮೂರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮದು ಹೂವಿನಹಡಗಲಿ, ಮಲ್ಲಿಗೆಗೆ ಹೆಸರಾದ ಊರು. ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ತುಂಬಿ ಹಂಪಿಗೆ ಕಳಿಸುತ್ತಿದ್ದರು, ಅದಕ್ಕೇ ಈ ಹೆಸರು ಬಂತು ಎನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ಈಗ ಹೂವು ಬಸ್ಸಿನಲ್ಲಿ, ಲಾರಿಯಲ್ಲಿ ಹೋಗುತ್ತದೆ. ಹೂವಿನ ಹಡಗನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಅಂಥ ಊರಿನ ಹೆಣ್ಣುಮಗಳು ದೋಣಿ ಇಳಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಬುಟ್ಟಿಗಟ್ಟಲೆ ಮಲ್ಲಿಗೆ ಮೊಗ್ಗು, ಮೂಟೆಗಟ್ಟಲೆ ಚೆಂಡುಹೂವು, ತಾವರೆ ಮೊಗ್ಗಿನ ಕಟ್ಟುಗಳು! ಮಲ್ಲಿಗೆಗೆ ಅಲ್ಲಿ ಮಲಿ ಅನ್ನುತ್ತಾರೆ, ಮಾಲೆಗೆ ಮಾಲೈ. ಅವ್ವ ಒಂದು ಅಂಗಡಿಯ ಮುಂದೆ ನಿಂತುಬಿಟ್ಟಳು. ಅಲ್ಲಿಯ ಹೆಂಗಸು ಗೇಣುದ್ದದ ಸೂಜಿಗೆ ಮೊಗ್ಗುಗಳನ್ನು ಒತ್ತೊತ್ತಾಗಿ ಪೋಣಿಸುತ್ತಿದ್ದಳು. "ಕಟ್ಟೂದಿಲ್ಲ ಇವರು, ಪೋಣಸ್ತಾರ" ಎಂದು ನನಗೆ ವರದಿ ಬಂತು. ಆಮೇಲೆ ಅವ್ವ ಅವಳ ಕೈಯಿಂದ ಒಂದಷ್ಟು ದಾರ ಇಸಿದುಕೊಂಡು, ಅಲ್ಲೇ ಇದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎರಡೆರಡು ಮೊಗ್ಗು ಎದುರುಬದುರು ಇಟ್ಟು ಗಂಟು ಹಾಕಿ ಕಟ್ಟಿ ತೋರಿಸಿದಳು. ಆ ಹೆಂಗಸು ಸೂಜಿ ಕೆಳಗಿಟ್ಟು ನೋಡಿದಳು. ಪಕ್ಕದ ಅಂಗಡಿಯವಳನ್ನು ಕರೆದಳು. ಮೂವರಿಗೂ ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ, ಆದರೆ ಮಾತು ನಿಲ್ಲಲೂ ಇಲ್ಲ. ಕಟ್ಟಿದ್ದು ಒಂದು ಮೊಳ ಆದಾಗ ಅವ್ವ ಅದನ್ನು ತಲೆಗೆ ಮುಡಿದಳು. ಅಲ್ಲಿ ಮಾಲೆ ಬುದ್ಧನಿಗೆ, ದೋಣಿಗೆ, ಟ್ಯಾಕ್ಸಿಯ ಕನ್ನಡಿಗೆ. ತಲೆಗೆ ಮುಡಿಯುವುದು ರೂಢಿಯಲ್ಲಿಲ್ಲ. ಅವರು ನಕ್ಕಿದ್ದು ನೋಡಿ ಅವ್ವನೂ ನಕ್ಕಳು.

ಅಷ್ಟರಲ್ಲಿ ಎರಡು ದೋಣಿ ಹೋಗಿದ್ದವು. ಹೋಗಲಿ, ಮೂರನೆಯದು ಬರುತ್ತದೆ. ಈ ಪಾಸಿನ ನಿಜವಾದ ಬೆಲೆ ನನಗೆ ತಿಳಿದದ್ದು ಆ ಸ್ಟೂಲಿನ ಪಕ್ಕ ನಿಂತಾಗಲೇ. ಯಾವ ಪ್ಯಾಕೇಜಿನ ಪಟ್ಟಿಯಲ್ಲಿಯೂ ಹೂ ಕಟ್ಟುವುದಕ್ಕೆ ಮುಕ್ಕಾಲು ಗಂಟೆ ಇರುವುದಿಲ್ಲ.

ಅಲ್ಲಿಂದ ಮುಂದೆ ಎಡದಂಡೆಗೆ ಕಣ್ಣಿಟ್ಟಿರಿ. ಸಾಂತಾ ಕ್ರೂಜ್ ಚರ್ಚಿನ ಗುಮ್ಮಟ ಕಾಣುತ್ತದೆ. 1767ರಲ್ಲಿ ಬರ್ಮಾದ ಸೈನ್ಯ ಹಳೆಯ ರಾಜಧಾನಿ ಅಯುಥಾಯವನ್ನು ಸುಟ್ಟುಹಾಕಿತು. ಆಮೇಲೆ ತಾಕ್ಸಿನ್ ದೊರೆ ಈ ದಂಡೆಯ ಥೋನ್‌ಬುರಿಯಲ್ಲಿ ಹೊಸ ರಾಜಧಾನಿ ಕಟ್ಟಿದ. ತನ್ನ ಪರವಾಗಿ ಹೋರಾಡಿದ ಪೋರ್ಚುಗೀಸರಿಗೆ ಇಲ್ಲಿ ಜಾಗ ಕೊಟ್ಟ. ಬಿಳಿಯರಿಗೆ ಥಾಯ್ ಜನ ಫರಂಗ್ ಅನ್ನುತ್ತಾರೆ. ನಮ್ಮ ಪರಂಗಿ ಎಂಬ ಪದದ ನೆಂಟನೇ ಅದು. ತಮಾಷೆಯೆಂದರೆ ನಾವು ಪಪ್ಪಾಯಿಗೆ ಪರಂಗಿ ಹಣ್ಣು ಅಂದೆವು, ಅವರು ಸೀಬೆಗೆ ಫರಂಗ್ ಅಂದರು. ಎರಡೂ ಅಮೆರಿಕ ಖಂಡದಿಂದ ಬಂದ ಹಣ್ಣುಗಳು. ತಳ್ಳುಗಾಡಿಯವನು ಫರಂಗ್ ಹೆಚ್ಚಿ ಖಾರ-ಉಪ್ಪು-ಸಕ್ಕರೆ ಬೆರೆಸಿದ ಪುಡಿಯ ಜೊತೆ ಕೊಟ್ಟಾಗ ಮಗಳು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಳು.

ಮುಂದಿನದು ವಾಟ್ ಅರುಣ್. ಎರಡನೇ ಮತ್ತು ಮೂರನೇ ರಾಮ ದೊರೆಗಳ ಕಾಲದಲ್ಲಿ ಈಗಿನ ಎತ್ತರಕ್ಕೆ ಬಂದ ಗೋಪುರ. ಮೈತುಂಬ ಚೀನೀ ಪಿಂಗಾಣಿಯ ಚೂರುಗಳಿಂದ ಮಾಡಿದ ಹೂಗಳು. ಮೆಟ್ಟಿಲು ವಿಪರೀತ ಕಡಿದು. ಹೆಂಡತಿ, ಮಗಳು ಹತ್ತಿದರು. ಅವ್ವ ಮತ್ತು ನಾನು ಕೆಳಗೆ ನೆರಳಲ್ಲಿ ಕೂತೆವು. ಒಂದು ಮಾತು ಹೇಳುತ್ತೇನೆ: ಈ ಗೋಪುರ ಮೇಲೆ ಹತ್ತಿದಾಗ ಕಾಣುವುದಕ್ಕಿಂತ ನದಿಯ ಮಧ್ಯದಿಂದ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಕಾಲು ಬೇಕಿಲ್ಲ.

ಇಲ್ಲಿಂದ ಅರಮನೆಯ ಕಡೆ ಹೋಗುವಾಗ ನೀವು ತೇಲುವ ನೀರು ಮೂಲದಲ್ಲಿ ನದಿಯೇ ಅಲ್ಲ. ಚಾವೊ ಫ್ರಾಯಾ ಇಲ್ಲಿ ಪಶ್ಚಿಮಕ್ಕೆ ದೊಡ್ಡದಾಗಿ ಸುತ್ತಿ ಹರಿಯುತ್ತಿತ್ತು. ಸಮುದ್ರದಿಂದ ಅಯುಥಾಯಕ್ಕೆ ಹೋಗುವ ಹಡಗುಗಳಿಗೆ ಆ ಸುತ್ತು ಉಳಿಸಲೆಂದು ಹದಿನಾರನೇ ಶತಮಾನದಲ್ಲಿ ಚೈರಾಚ ದೊರೆಯ ಕಾಲದಲ್ಲಿ ನೇರವಾದ ಕಾಲುವೆ ತೋಡಿದರು. ನೀರು ಹತ್ತಿರದ ದಾರಿಯನ್ನೇ ಹಿಡಿಯಿತು. ವರ್ಷಗಳು ಕಳೆದಂತೆ ದಂಡೆ ಕೊರೆದು ಕಾಲುವೆಯೇ ನದಿಯಾಯಿತು. ಹಳೆಯ ನದಿ ಇಂದು ಬ್ಯಾಂಕಾಕ್ ನೊಯಿ, ಬ್ಯಾಂಕಾಕ್ ಯೈ ಎಂಬ ಕಾಲುವೆಗಳಾಗಿ ಉಳಿದಿದೆ. ವಾಟ್ ಅರುಣ್ ಪಕ್ಕದ ಬಿಳಿ ಕೋಟೆಯ ಬಳಿ ಅದರ ಒಂದು ಬಾಯಿ ಕಾಣುತ್ತದೆ. 1782ರಲ್ಲಿ ಮೊದಲನೇ ರಾಮ ಪಟ್ಟಕ್ಕೆ ಬಂದು ರಾಜಧಾನಿಯನ್ನು ಪೂರ್ವದಂಡೆಗೆ ಸಾಗಿಸಿದ. ಬರ್ಮಾದವರು ಬರುವುದು ಪಶ್ಚಿಮದಿಂದ, ನಡುವೆ ನದಿ ಅಡ್ಡ ಇರಲಿ ಎಂಬ ಲೆಕ್ಕ. ಅಂದರೆ ವ್ಯಾಪಾರಕ್ಕೆ ತೋಡಿದ ಕಾಲುವೆ ಮುಂದೆ ಅರಮನೆಯ ಕಂದಕವಾಯಿತು.

ತಾ ಚಾಂಗ್ ಅಂದರೆ ಆನೆಗಳ ಜೆಟ್ಟಿ. ಅರಮನೆಯ ಆನೆಗಳಿಗೆ ಸ್ನಾನ ಮಾಡಿಸುತ್ತಿದ್ದ ಜಾಗ. ಅರಮನೆ ಇಲ್ಲಿಂದ ಹತ್ತಿರ. ಟಿಕೆಟ್ 500 ಬಾತ್, ಜನಜಂಗುಳಿ, ಬಿಸಿಲು. ಆದರೆ ಪಚ್ಚೆಬುದ್ಧನ ಗುಡಿಯ ಸುತ್ತ ಇರುವ ಮೊಗಸಾಲೆಯಲ್ಲಿ ನೆರಳಿದೆ. ಅದರ ಗೋಡೆಯ ಮೇಲೆ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ, 178 ಚಿತ್ರಭಾಗಗಳಲ್ಲಿ ಇದೆ. ಅವ್ವ ಗೋಡೆ ಓದುತ್ತಾ ನಡೆದಳು, ಸಾಕಾದಾಗ ಕೂತಳು, ಮತ್ತೆ ನಡೆದಳು. ಸೇತುವೆ ಕಟ್ಟುವ ಭಾಗದಲ್ಲಿ ಬಿಳಿ ಹನುಮಂತನೂ ಮೀನಿನ ಬಾಲದ ಹೆಣ್ಣೂ ಇದ್ದರು. ಅವಳು ಸುವನ್ನಮಚ್ಛಾ, ದಶಕಂಠ ರಾವಣನ ಮಗಳು. ಸೇತುವೆಯ ಕಲ್ಲು ಕದಿಯಲು ಬಂದು ಹನುಮಂತನನ್ನು ಮೆಚ್ಚಿದವಳು, ಇಬ್ಬರಿಗೂ ಮಗ ಹುಟ್ಟುತ್ತಾನೆ ಎಂದು ಕಥೆ ಹೇಳಿದೆ. ಅಂಜನಾದ್ರಿಯನ್ನು ಹಬ್ಬಕ್ಕೊಮ್ಮೆ ಹತ್ತಿದ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹಣಮಪ್ಪ ಹಂಗಲ್ಲ ಬಿಡು. ಇವರ ಹಣಮಪ್ಪ ಬ್ಯಾರೆ" ಎಂದು ತೀರ್ಪು ಕೊಟ್ಟಳು. ಕೈ ಮಾತ್ರ ಮುಗಿದಳು.

ಈ ನದಿ ಸ್ವರ್ಗವೇನಲ್ಲ. ನೀರು ಕಂದು, ನಡುನಡುವೆ ಜಲಕಳೆಯ ರಾಶಿ ತೇಲುತ್ತದೆ. ಒಂದು ಕಾಲಕ್ಕೆ ಊರಿನ ಬೀದಿಗಳಂತಿದ್ದ ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದ್ದಾರೆ. 2011ರ ಪ್ರವಾಹದಲ್ಲಿ ಊರಿನ ಎಷ್ಟೋ ಬಡಾವಣೆಗಳು ವಾರಗಟ್ಟಲೆ ನೀರಲ್ಲಿದ್ದವು. ದಂಡೆಯ ಮರದ ಮನೆಗಳ ಜಾಗಕ್ಕೆ ಗಾಜಿನ ಹೋಟೆಲ್ಲುಗಳು ಬರುತ್ತಿವೆ. ಆದರೂ ಶಾಲೆಯ ಮಕ್ಕಳು, ಭಿಕ್ಷುಗಳು, ಬ್ಯಾಂಕಿನ ನೌಕರರು ದಿನಾ ನದಿಯ ಮೇಲೆ ಓಡಾಡುತ್ತಾರೆ. ದಿನಾ ನೋಡುವ ನೀರಿನ ಬಗ್ಗೆ ಊರಿಗೆ ಒಂದು ಗಮನ ಇದ್ದೇ ಇರುತ್ತದೆ.

ನಾವು ಬದುಕುತ್ತಿರುವ ಊರುಗಳನ್ನು ನೋಡಿ. ಪುಣೆಯಲ್ಲಿ ಮುಠಾ ನದಿ ನಮಗೆ ನೆನಪಾಗುವುದು ಖಡಕ್‌ವಾಸಲಾದಿಂದ ನೀರು ಬಿಟ್ಟು ಭಿಡೆ ಸೇತುವೆ ಮುಳುಗಿದ ದಿನ. ಚೆನ್ನೈನಲ್ಲಿ ಸರಕಿನ ದೋಣಿಗಳು ಓಡುತ್ತಿದ್ದ ಬಕಿಂಗ್‌ಹ್ಯಾಮ್ ಕಾಲುವೆಯೊಳಗೆ ರೈಲಿನ ಕಂಬಗಳು ನಿಂತಿವೆ. ಹೈದರಾಬಾದಿನ ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆ ಮೂಸಿಯ ದಂಡೆಯ ಮೇಲೆಯೇ ಇದ್ದರೂ ಸೇತುವೆ ದಾಟುವಾಗ ನಾವು ಕಾರಿನ ಗಾಜು ಏರಿಸುತ್ತೇವೆ. ಮುಂಬೈನ ಮೀಠಿ, ದೆಹಲಿಯ ಯಮುನೆಯ ಕಥೆ ನಿಮಗೆ ಗೊತ್ತಿದೆ. ನಮ್ಮ ಮಕ್ಕಳು ಹುಟ್ಟಿದ ಊರಿನ ನದಿಯ ಹೆಸರನ್ನು ವಾಸನೆಯಿಂದ ಕಲಿಯುತ್ತಿದ್ದಾರೆ.

ಹೋಗುವವರಿಗೆ ನಾಲ್ಕು ಮಾತು. ದೇವಾಲಯ, ಅರಮನೆ ಎರಡಕ್ಕೂ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬೆಳಿಗ್ಗೆ ಬೇಗ ಹೊರಡಿ, ಅರಮನೆಯಲ್ಲಿ ಮಧ್ಯಾಹ್ನ ಮೂರೂವರೆಗೆ ಟಿಕೆಟ್ ನಿಲ್ಲಿಸುತ್ತಾರೆ. ಒಂದೇ ದಿನ ಎಲ್ಲ ಜೆಟ್ಟಿ ಮುಗಿಸುವ ಹಟ ಬೇಡ. ನಾವು ವಾಟ್ ಫೋದ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ಮರುದಿನಕ್ಕೆ ಇಟ್ಟುಕೊಂಡೆವು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕೇಳಿಕೊಳ್ಳಿ. ಮನೆಯಲ್ಲಿ "ನಾನು ರೂಮಿನಲ್ಲೇ ಇರ್ತೀನಿ" ಅನ್ನುವವರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಮರುದಿನ ಬೆಳಿಗ್ಗೆ ನಾವು ಏಳುವ ಮೊದಲೇ ಅವ್ವ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು, "ಇವತ್ತು ದೋಣಿ ಎಷ್ಟಕ್ಕ?" ಎಂದು ಕೇಳುತ್ತಾ ಬಾಗಿಲ ಬಳಿ ಕೂತಿದ್ದಳು.