ಮಗನ ಬೇಸ್ ಗಿಟಾರು, ಕೆಳಮನೆಯ ಆಂಟಿ

ನಾಚಾರಂನ ನಮ್ಮ ಫ್ಲಾಟಿನಲ್ಲಿ ಮಗ ಬೇಸ್ ಗಿಟಾರ್ ಹಿಡಿದರೆ ಸಾಕು, ಕೆಳಮನೆಯ ಆಂಟಿ ಹಾಜರ್. "ಗೋಡಲು ಅದುರುತುನ್ನಾಯಂಡಿ!" ಅವರದ್ದೇನೂ ತಪ್ಪಿಲ್ಲ ಬಿಡಿ. ಅದರ ದಪ್ಪ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ. ಅಂಥ ಮಂದ್ರ ನಾದಕ್ಕೆ ನಮ್ಮ ತೆಳು ಗೋಡೆ ಯಾವ ಲೆಕ್ಕ?

ಮೊದಲ ಸಂಬಳದಲ್ಲಿ ಅವನು ಜೂಮ್ ಬಿ1 ಫೋರ್ ಅನ್ನೋ ಪೆಡಲ್ ತಂದ. ಟಿಫಿನ್ ಡಬ್ಬಿಯಷ್ಟಿದೆ. 4 ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತೆ, ಒಟ್ಟಿಗೆ 5 ಎಫೆಕ್ಟ್ ಜೋಡಿಸಬಹುದು.

"ಮಾಮೂಲಿ ಗಿಟಾರಿನ ಪೆಡಲ್ ಸಾಲದೇನೋ?" ಅಂದೆ, ಬ್ಯಾಂಕಿನವನ ಬುದ್ಧಿ.

"ಅಪ್ಪಾ, ಅದರಲ್ಲಿ ಡಿಸ್ಟಾರ್ಷನ್ ಹಾಕಿದ್ರೆ ಕೆಳಗಿನ ಸ್ವರದ ತೂಕವೇ ಹೋಗಿಬಿಡುತ್ತೆ. ಬೇಸ್‌ಗೆ ಅಂತ ಮಾಡಿದ್ದರಲ್ಲಿ ಮೂಲ ನಾದವನ್ನೂ ಜೊತೆಗೆ ಬೆರೆಸ್ಕೋಬಹುದು."

ಅಸಲು ಉಳಿಸಿಕೊಂಡೇ ಬಡ್ಡಿ ಅನ್ನಿ! ಕಂಪ್ರೆಸರ್ ಅಂತ ಇನ್ನೊಂದಿದೆ; ಜೋರಾಗಿ ಮೀಟಿದ್ದನ್ನು ತಗ್ಗಿಸಿ, ಮೆಲ್ಲಗೆ ಮೀಟಿದ್ದರ ಸಮಕ್ಕೆ ತರುತ್ತೆ.

ಈಗ ಎಲ್ಲ ಹೆಡ್‌ಫೋನಿನಲ್ಲೇ. ಆಂಟಿ ಬರೋದಿಲ್ಲ. ನಮಗೂ ತಂತಿಯ ಟಿಕ್ ಟಿಕ್ ಬಿಟ್ಟು ಏನೂ ಕೇಳಿಸೋದಿಲ್ಲ. "ಏನು ನುಡಿಸ್ತಾನೋ ಏನೋ..." ಅಂದಳು ಇವಳು, ಮೊನ್ನೆ ಅವನ ಕೋಣೆ ಬಾಗಿಲಲ್ಲಿ ನಿಂತು. ನಾನೇ ಹೋಗಿ ಹೆಡ್‌ಫೋನ್ ಕೇಳಿ ಹಾಕಿಕೊಂಡೆ. ನಿಧಾನಕ್ಕೆ, ಒಂದೊಂದೇ ಸ್ವರ. ಆಮೇಲೆ ಇವಳಿಗೆ ಕೊಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ.

ಮುಂದಿನ ತಿಂಗಳು ಅವನಿಗೆ ಪುಣೆಗೆ ವರ್ಗ. ಪೆಡಲ್ ಬ್ಯಾಗಿನಲ್ಲೇ ಹಿಡಿಸುತ್ತಂತೆ.